ಅಂಬಾಸಿಡರೋ, ಫಿಯಟ್ಟೋ? ಮೊದಲು ಬಗ್ಗಿ ನೋಡಿ ಸ್ವಾಮಿ!

ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನ ಮುಂದೆ ಎರಡು ಮುದಿ ಕಾರುಗಳು ಮಾರಾಟಕ್ಕೆ ನಿಂತಿವೆ. ಒಂದು ಅಂಬಾಸಿಡರ್, ಇನ್ನೊಂದು ಪ್ರೀಮಿಯರ್ ಪದ್ಮಿನಿ. ನಮ್ಮ ಜನರ ಬಾಯಲ್ಲಿ ಇವತ್ತಿಗೂ ಅದು ಫಿಯಟ್ಟೇ. ಎರಡಕ್ಕೂ ಹೊಸ ಬಣ್ಣ, ಫಳಫಳ!

ಪೇಟೆಯ ಕಿರಾಣಿ ಅಂಗಡಿ ಯಜಮಾನರೊಬ್ಬರು ದಿನಾ ಸಂಜೆ ಬಂದು ಸುತ್ತು ಹಾಕುತ್ತಾರೆ. ಚೀಟಿ ಎತ್ತಿದ ದುಡ್ಡು ಜೇಬಿನಲ್ಲಿದೆ. "ನಮ್ಮಪ್ಪನ ಕಾಲದ ಆಸೆ ಕಣ್ರೀ. ಯಾವುದು ತಗೊಳ್ಳಲಿ?" ಎಂಬುದು ಅವರ ಪ್ರಶ್ನೆ.

ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶದ್ದು. ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ 2014ರಲ್ಲಿ ನಿಂತುಹೋಯಿತು. ಸುಮಾರು 14 ಅಡಿ ಉದ್ದ, ಹಳೆಯವಕ್ಕೆ 1489 ಸಿಸಿ ಎಂಜಿನ್. ಮನೆಮಂದಿಯೆಲ್ಲ ಕೂತು, ಡಿಕ್ಕಿಗೆ ಮೂಟೆ ಹಾಕಿದರೂ ಜಗ್ಗದು. ಆದರೆ ಸಂತೆ ದಿನ ಪೇಟೆ ಬೀದಿಯಲ್ಲಿ ತಿರುಗಿಸಿ ನೋಡಿ, ರಟ್ಟೆ ಬಿದ್ದುಹೋಗುತ್ತೆ!

ಪದ್ಮಿನಿ ಇಟಲಿಯ ಕೂಸು. 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಬೊಂಬಾಯಿಯಲ್ಲಿ ಹುಟ್ಟಿ, ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎನಿಸಿಕೊಂಡಿತು. 1089 ಸಿಸಿ, ಸುಮಾರು 13 ಅಡಿ. ಗಲ್ಲಿಯಲ್ಲೂ ನುಸುಳುತ್ತೆ, ಪೆಟ್ರೋಲೂ ಕಡಿಮೆ ಕುಡಿಯುತ್ತೆ. ಹಿಂದಿನ ಸೀಟಿನಲ್ಲಿ ಮಾತ್ರ ಮೂವರು ದಢೂತಿಗಳು ಕೂತರೆ ಉಸಿರು ಬಿಗಿ.

ಹಾಗಾದರೆ ಯಾವುದು ಮೇಲು? ಗ್ಯಾರೇಜಿನ ಮೇಸ್ತ್ರಿ ನಕ್ಕರು. "ಹೆಸರು ನೋಡ್ಬೇಡಿ ಸಾರ್, ತಳ ನೋಡಿ. ಎಂಜಿನ್ ರಿಪೇರಿ ಮಾಡಬಹುದು. ತುಕ್ಕು ತಿಂದ ಬಾಡಿಗೆ ಟಿಂಕರಿಂಗ್ ಮಾಡಿಸ್ತಾ ಹೋದ್ರೆ ಅಂಗಡಿ ಮಾರಬೇಕಾಗುತ್ತೆ."

ಮ್ಯಾಟ್ ಎತ್ತಿ ನೋಡಿ. ಬಾಗಿಲ ಕೆಳಗಂಚಿಗೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ! ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ಸ್ವಂತ ಕಾರಿಗೆ 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಅದಿಲ್ಲದ ಕಾರು ಅಂಗಳದ ಬೊಂಬೆ, ಅಷ್ಟೆ.

ಯಜಮಾನರು ಪಂಚೆ ಎತ್ತಿ ಕಟ್ಟಿ ಬಗ್ಗಿಯೇಬಿಟ್ಟರು. ಫಿಯಟ್ಟಿನ ಮ್ಯಾಟ್ ಎತ್ತಿದರೆ ಕೆಳಗೆ ನೆಲ ಕಂಡಿತು! ಅಂಬಾಸಿಡರಿನ ತಳ ಗಟ್ಟಿ, ಆದರೆ ಆರ್‌ಸಿ ಅವಧಿ ಮುಗಿದಿದೆ. "ನವೀಕರಿಸಿ ತನ್ನಿ, ಆಮೇಲೆ ರೇಟು ಮಾತಾಡೋಣ" ಎಂದು ಕೈ ಒರೆಸಿಕೊಂಡು, ಏಳು ಗಂಟೆ ಬಸ್ಸು ಹತ್ತಿದರು.

ಚೀಟಿ ದುಡ್ಡು ಇನ್ನೂ ಜೇಬಿನಲ್ಲೇ ಇದೆ. ಜಾಣರು!