ಶನಿವಾರದ ನಾಲ್ವರು ತೀರ್ಪುಗಾರರು

ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಶನಿವಾರವೆಂದರೆ ಕಾಲ್ಚೆಂಡಾಟದ ದಿನ. ಮಧ್ಯಾಹ್ನ ಮೂರು ಗಂಟೆಗೆ ಪಂದ್ಯ. ವಾರದ ಮೊದಲಿನಿಂದಲೇ ಊರಿನ ಪಾನಗೃಹಗಳಲ್ಲಿ, ಕ್ಷೌರದಂಗಡಿಗಳಲ್ಲಿ ಅದರದೇ ಮಾತು. ಗೋಲನ್ನು ಕಾಯುವವನಾರು? ಮೊಣಕಾಲು ನೊಂದಿದ್ದ ಮುಂಚೂಣಿಯ ಆಟಗಾರ ಚೇತರಿಸಿಕೊಂಡನೆ? ಈ ಗದ್ದಲದ ನಡುವೆ ಲೀಗಿನ ಕಚೇರಿಯಿಂದ ಪುಟ್ಟದೊಂದು ಪ್ರಕಟಣೆ ಹೊರಡುತ್ತದೆ. ಅದರಲ್ಲಿರುವುದು ನಾಲ್ಕೇ ಹೆಸರು: ಒಬ್ಬ ರೆಫರಿ, ಇಬ್ಬರು ಸಹಾಯಕ ರೆಫರಿಗಳು, ಒಬ್ಬ ನಾಲ್ಕನೆಯ ಅಧಿಕಾರಿ. ಅಭಿಮಾನಿಗಳು ಅದನ್ನು ಓದುವುದಾದರೆ, ಈ ರೆಫರಿ ಹಿಂದೆಂದಾದರೂ ತಮ್ಮ ತಂಡಕ್ಕೆ ಅನ್ಯಾಯ ಮಾಡಿದ್ದನೇ ಎಂದು ನೋಡಲಿಕ್ಕೆ ಮಾತ್ರ!

ಆದರೆ ಆ ನಾಲ್ಕು ಹೆಸರುಗಳ ಮೇಲೆ ನಿಂತಿರುವ ಭಾರ ಸಾಮಾನ್ಯವಾದುದಲ್ಲ. 1888ರಲ್ಲಿ 12 ಕ್ಲಬ್ಬುಗಳಿಂದ ಆರಂಭವಾದ ಇಂಗ್ಲೆಂಡಿನ ಲೀಗು ವ್ಯವಸ್ಥೆಯಲ್ಲಿ ಇಂದು 92 ಕ್ಲಬ್ಬುಗಳಿವೆ. ತುತ್ತತುದಿಯ ಪ್ರೀಮಿಯರ್ ಲೀಗಿನಲ್ಲಿ 20. ಅದರ ಕೆಳಗಿನ ಮೂರು ಮೆಟ್ಟಿಲುಗಳಲ್ಲಿ ತಲಾ 24. ಕೊನೆಯ ಮೆಟ್ಟಿಲಿಗೆ ಲೀಗ್ ಟೂ ಎಂದು ಹೆಸರು. ಅಲ್ಲಿ ಪ್ರತಿಯೊಂದು ತಂಡವೂ ಒಂದು ಋತುವಿನಲ್ಲಿ 46 ಪಂದ್ಯಗಳನ್ನಾಡುತ್ತದೆ. ಕಡೆಯ ಎರಡು ತಂಡಗಳು ಲೀಗಿನಿಂದಲೇ ಹೊರಬೀಳುತ್ತವೆ. ಹಾಗೆ ಬಿದ್ದ ಕ್ಲಬ್ಬಿನ ಆದಾಯ ಕುಗ್ಗುತ್ತದೆ, ನೌಕರರ ಜೀವನಕ್ಕೆ ಸಂಚಕಾರ ಬರುತ್ತದೆ, ಊರಿನ ಅಭಿಮಾನಕ್ಕೂ ಪೆಟ್ಟಾಗುತ್ತದೆ.

ರೆಫರಿಯ ಪದವಿ ಆಟದಷ್ಟೇ ಹಳೆಯದೆಂದು ತಿಳಿದವರುಂಟು. ವಾಸ್ತವವಾಗಿ ಮೊದಮೊದಲು ತಂಡಕ್ಕೊಬ್ಬರಂತೆ ಇಬ್ಬರು ಅಂಪೈರುಗಳಿರುತ್ತಿದ್ದರು. ಆಟಗಾರರು ಕ್ರಿಕೆಟ್ಟಿನಲ್ಲಿರುವಂತೆ ಅವರನ್ನು ಕೂಗಿ ಕೇಳಬೇಕಾಗಿತ್ತು. ಇಬ್ಬರಿಗೂ ಒಮ್ಮತ ಬಾರದಿದ್ದಾಗ ಮಾತ್ರ ಗೆರೆಯಾಚೆ ನಿಂತಿದ್ದ ಮೂರನೆಯವನಿಗೆ ತಕರಾರನ್ನು ಒಪ್ಪಿಸುತ್ತಿದ್ದರು. ರೆಫರಿ ಎಂಬ ಇಂಗ್ಲಿಷ್ ಮಾತಿಗೆ ಮೂಲಾರ್ಥವೇ ಅದು: ತೀರ್ಮಾನಕ್ಕಾಗಿ ಯಾರ ಬಳಿಗೆ ಹೋಗುವರೋ ಅವನು. 1891ರಲ್ಲಿ ನಿಯಮ ಬದಲಾಯಿತು. ಹೊರಗಿದ್ದ ರೆಫರಿ ಸೀಟಿ ಹಿಡಿದು ಅಂಗಳದೊಳಕ್ಕೆ ಬಂದನು. ಅಂಪೈರುಗಳು ಬಾವುಟ ಹಿಡಿದು ಗೆರೆಯಂಚಿಗೆ ಸರಿದರು. ಲೈನ್ಸ್‌ಮನ್ ಎಂದು ಕರೆಯಲ್ಪಡುತ್ತಿದ್ದ ಅವರಿಗೆ ಸಹಾಯಕ ರೆಫರಿ ಎಂಬ ಹೆಸರು ಬಂದದ್ದು 1996ರಲ್ಲಿ.

ಪಂದ್ಯದ ದಿನ ಇವರ ಕೆಲಸ ಮೊದಲ ಸೀಟಿಗಿಂತ ಬಹಳ ಮುಂಚೆಯೇ ತೊಡಗುತ್ತದೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದ್ದರೆ, ಮಳೆನೀರು ನಿಂತಿದ್ದರೆ, ಅಂಗಳವೆಲ್ಲ ನಡೆದು ನೋಡಿ ಆಟ ನಡೆಯಬಹುದೇ ಬಾರದೇ ಎಂದು ಹೇಳಬೇಕಾದವನು ರೆಫರಿ. ಗೋಲಿನ ಬಲೆಯಲ್ಲಿ ತೂತಿಲ್ಲವೆಂಬುದನ್ನೂ ಪರೀಕ್ಷಿಸಬೇಕು. ಆಟ ಶುರುವಾದ ಮೇಲೆ ಅವನು ಚೆಂಡಿನೊಡನೆ ಓಡುತ್ತಲೇ ಇರಬೇಕು. ಸಹಾಯಕರು ಆಫ್‌ಸೈಡನ್ನೂ ಗೆರೆ ದಾಟಿದ ಚೆಂಡನ್ನೂ ಕಾಯುತ್ತಾರೆ. ನಾಲ್ಕನೆಯ ಅಧಿಕಾರಿ ಬದಲಿ ಆಟಗಾರರ ಲೆಕ್ಕವಿಡುತ್ತಾನೆ. ಸಿಟ್ಟಿಗೆದ್ದ ಇಬ್ಬರು ಮ್ಯಾನೇಜರುಗಳ ನಡುವೆ ನಿಂತು ಅವರನ್ನು ಸಮಾಧಾನಪಡಿಸುವ ಭಾಗ್ಯವೂ ಅವನದೇ.

ಪ್ರೀಮಿಯರ್ ಲೀಗಿನ ರೆಫರಿಗೆ 2019ರಿಂದ ವಿಡಿಯೋ ನೆರವು ದೊರೆತಿದೆ. ಸಂದೇಹ ಬಂದರೆ ದೃಶ್ಯವನ್ನು ಮತ್ತೆ ನೋಡಬಹುದು. ಲೀಗ್ ಟೂನ ಸಾಮಾನ್ಯ ಪಂದ್ಯಗಳಲ್ಲಿ ಆ ಅನುಕೂಲವಿಲ್ಲ. ಕಂಡದ್ದು ಒಂದೇ ಸಲ, ಅದೂ ಕ್ಷಣಾರ್ಧ. ಕೆಸರಿನಲ್ಲಿ ಇಬ್ಬರು ಒಟ್ಟಿಗೆ ಬಿದ್ದಾಗ ತಪ್ಪು ಯಾರದೆಂದು ಕಣ್ಣೇ ಹೇಳಬೇಕು, ಮನಸ್ಸೇ ಒಪ್ಪಬೇಕು. ಆಟಕ್ಕೆ ಸಂಬಂಧಿಸಿದ ಸಂಗತಿಗಳಲ್ಲಿ ಅವನ ತೀರ್ಪೇ ಅಂತಿಮ. ಆಟ ಮತ್ತೆ ಸಾಗಿತೆಂದರೆ ಅವನೇ ಬಯಸಿದರೂ ಅದನ್ನು ತಿದ್ದುವಂತಿಲ್ಲ.

ರೆಫರಿಯ ಕೈಗಡಿಯಾರಕ್ಕೆ ಎಂತಹ ಶಕ್ತಿಯುಂಟೆಂಬುದನ್ನು 1999ರ ಮೇ 8ರಂದು ಕಾರ್ಲೈಲ್ ನಗರ ಕಣ್ಣಾರೆ ಕಂಡಿತು. ಋತುವಿನ ಕೊನೆಯ ದಿನ. ಕಾರ್ಲೈಲ್ ಯುನೈಟೆಡ್ ತಂಡವು ಪ್ಲಿಮತ್ ಆರ್ಗೈಲ್ ವಿರುದ್ಧ 1-1ರ ಸಮಬಲದಲ್ಲಿತ್ತು. ಗೆಲ್ಲದಿದ್ದರೆ ಲೀಗಿನಿಂದ ನಿರ್ಗಮನ ಖಂಡಿತ. ಪ್ರತಿಸ್ಪರ್ಧಿಯಾದ ಸ್ಕಾರ್‌ಬರೋ ತನ್ನ ಪಂದ್ಯವನ್ನು ಆಗಲೇ ಮುಗಿಸಿತ್ತು. ಅಲ್ಲಿಯ ಜನ ತಾವು ಉಳಿದೆವೆಂದು ಸಂಭ್ರಮಿಸುತ್ತಿದ್ದರು. ಇತ್ತ ಕಾರ್ಲೈಲಿನಲ್ಲಿ ತೊಂಬತ್ತು ನಿಮಿಷಗಳು ಕಳೆದಿದ್ದವು. ವ್ಯರ್ಥವಾದ ವೇಳೆಗೆ ಬದಲಾಗಿ ನಾಲ್ಕು ನಿಮಿಷಗಳು ಕೂಡಿಬಂದವು. ಅವೂ ಮುಗಿಯುವ ಹೊತ್ತಿಗೆ ಕಾರ್ಲೈಲಿಗೆ ಒಂದು ಕಾರ್ನರ್ ಒದೆತ ಸಿಕ್ಕಿತು. ಎರವಲಾಗಿ ಬಂದಿದ್ದ ಗೋಲ್‌ಕೀಪರ್ ಜಿಮ್ಮಿ ಗ್ಲಾಸ್ ತನ್ನ ಗೋಲನ್ನು ಬಿಟ್ಟು ಎದುರಾಳಿಗಳ ಗೋಲಿನತ್ತ ಓಡಿದನು. ಪುಟಿದು ಬಂದ ಚೆಂಡನ್ನು ಒದ್ದು ಬಲೆಗೆ ಸೇರಿಸಿದನು! ಕಾರ್ಲೈಲ್ ಉಳಿಯಿತು, ಸ್ಕಾರ್‌ಬರೋ ಹೊರಬಿದ್ದಿತು. ಸಾಲದ ಹೊರೆಯಿಂದ 2007ರಲ್ಲಿ ಆ ಕ್ಲಬ್ಬೇ ಮುಚ್ಚಿಹೋಯಿತು. ಗ್ಲಾಸ್‌ನ ಹೆಸರನ್ನು ಲೋಕ ಕೊಂಡಾಡಿತು. ಆ ನಾಲ್ಕು ನಿಮಿಷಗಳನ್ನು ಪ್ರಾಮಾಣಿಕವಾಗಿ ಅಳೆದು ಕೊಟ್ಟವನನ್ನು ನೆನೆದವರು ಎಷ್ಟು ಮಂದಿ?

ಕೆಳಗಿನ ಲೀಗುಗಳು ರೆಫರಿಗಳಿಗೆ ಪಾಠಶಾಲೆಯೂ ಹೌದು. ಮೇಲೇರಬೇಕಾದವರು ಇಲ್ಲಿ ಪಳಗಬೇಕು. ಸರ್ಕಾರಿ ಆರೋಗ್ಯ ಸೇವೆಯಲ್ಲಿ ಉದ್ಯೋಗದಲ್ಲಿದ್ದ ರೆಬೆಕಾ ವೆಲ್ಷ್ ಎಂಬ ಮಹಿಳೆ 2021ರ ಏಪ್ರಿಲ್‌ನಲ್ಲಿ ಹ್ಯಾರೋಗೇಟ್ ಟೌನ್ ಮತ್ತು ಪೋರ್ಟ್ ವೇಲ್ ತಂಡಗಳ ಲೀಗ್ ಟೂ ಪಂದ್ಯಕ್ಕೆ ರೆಫರಿಯಾಗಿ ನೇಮಕಗೊಂಡರು. ಆ ಲೀಗಿನಲ್ಲಿ ಇಂತಹ ನೇಮಕ ಪಡೆದ ಮೊದಲ ಮಹಿಳೆ ಅವರು. ಎರಡೂವರೆ ವರ್ಷಗಳ ತರುವಾಯ, 2023ರ ಡಿಸೆಂಬರಿನಲ್ಲಿ, ಪ್ರೀಮಿಯರ್ ಲೀಗಿನ ಪಂದ್ಯವೂ ಅವರ ಸೀಟಿಗೆ ತಲೆಬಾಗಿತು.

ಭಾರತೀಯರಿಗೆ ಇನ್ನೊಂದು ಹೆಸರು ಹತ್ತಿರವಾದುದು: ಜರ್ನೈಲ್ ಸಿಂಗ್. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ನಮ್ಮ ತಂಡದ ಜರ್ನೈಲ್ ಸಿಂಗರಲ್ಲ. ಇವರು ಇಂಗ್ಲೆಂಡಿನ ಲೀಗು ಪಂದ್ಯಗಳನ್ನು ತಲೆಯ ಮೇಲಿನ ಪಗಡಿಯೊಡನೆಯೇ ನಡೆಸಿದ ಮೊದಲ ರೆಫರಿ. 2004ರಿಂದ 2010ರವರೆಗೆ ಅವರು ಆ ಅಂಗಳಗಳಲ್ಲಿ ಓಡಿದರು. ತಂದೆಯ ದಾರಿಯನ್ನೇ ಮಕ್ಕಳಿಬ್ಬರೂ ಹಿಡಿದರು. ಭೂಪಿಂದರ್ ಸಿಂಗ್ ಗಿಲ್ 2023ರ ಜನವರಿಯಲ್ಲಿ ಪ್ರೀಮಿಯರ್ ಲೀಗಿನ ಸಹಾಯಕ ರೆಫರಿಯಾದರು. ಹಿಂದೆ ಸೆರೆಮನೆಯ ಅಧಿಕಾರಿಯಾಗಿದ್ದ ಸನ್ನಿ ಸಿಂಗ್ ಗಿಲ್ 2024ರ ಮಾರ್ಚಿನಲ್ಲಿ ಅಲ್ಲಿಯೇ ರೆಫರಿಯಾಗಿ ನಿಂತರು.

ಈ ಪಾಠಶಾಲೆಯ ಶುಲ್ಕ ಮಾತ್ರ ಕಠಿಣವಾದುದು. ಅದನ್ನು ಬೈಗುಳ ತಿಂದು ತೀರಿಸಬೇಕು. ಊರಾಟಗಳ ಮಟ್ಟದಲ್ಲಿ ನಿಂದನೆ ಹಲ್ಲೆಗಳ ಹಾವಳಿ ಎಷ್ಟಾಯಿತೆಂದರೆ, 2023ರಲ್ಲಿ ಇಂಗ್ಲೆಂಡಿನ ಕಾಲ್ಚೆಂಡು ಸಂಸ್ಥೆಯು ಕೆಲವು ಪ್ರದೇಶಗಳ ರೆಫರಿಗಳ ಎದೆಗೆ ಕ್ಯಾಮೆರಾ ಕಟ್ಟಿ ಪ್ರಯೋಗ ನಡೆಸಬೇಕಾಯಿತು. ನ್ಯಾಯ ಹೇಳಬಂದವನಿಗೇ ರಕ್ಷಣೆ ಬೇಕಾದರೆ ಆಟದ ಗತಿಯೇನು? ಹೊಸಬರು ಹೆದರಿ ಹಿಂಜರಿದರೆ ನಾಳಿನ ಪಂದ್ಯಕ್ಕೆ ಸೀಟಿ ಊದುವವರಾರು?

ಹನ್ನೊಂದು ಮಂದಿಯ ಎರಡು ತಂಡಗಳು ಎಲ್ಲಿ ಬೇಕಾದರೂ ಸೇರಬಹುದು, ಚೆಂಡನ್ನು ಒದೆಯಬಹುದು. ಆ ಒದೆತ ಪಂದ್ಯವೆನಿಸಿಕೊಳ್ಳಬೇಕಾದರೆ ಎರಡು ಪಕ್ಷಕ್ಕೂ ಸೇರದವನೊಬ್ಬ ನಡುವೆ ನಿಲ್ಲಬೇಕು. ಗೆದ್ದವರು ಅವನನ್ನು ಮರೆಯುತ್ತಾರೆ, ಸೋತವರು ಶಪಿಸುತ್ತಾರೆ. ಶನಿವಾರ ಸಂಜೆ ಯಾರ ಬಾಯಲ್ಲೂ ತನ್ನ ಹೆಸರು ಬಾರದಿದ್ದರೆ, ಅದೇ ರೆಫರಿಗೆ ಸಲ್ಲುವ ದೊಡ್ಡ ಪ್ರಶಸ್ತಿ.