ಗಾಜಿನ ನಳಿಕೆಯಲ್ಲಿ ರಾಣೀವಾಸ

ಮೃಗಶಿರೆಯ ಮಳೆ ಸುರಿದು ನಿಂತ ಸಂಜೆ. ಹುಬ್ಬಳ್ಳಿಯ ಸಮೀಪದ ಸುಳ್ಳ ಗ್ರಾಮದ ಎರೆಹೊಲಗಳಲ್ಲಿ ಬೇಸಗೆಯುದ್ದಕ್ಕೂ ಬಾಯ್ದೆರೆದು ನಿಂತಿದ್ದ ಬಿರುಕುಗಳು ಒಂದೊಂದಾಗಿ ಮುಚ್ಚಿಕೊಳ್ಳತೊಡಗುವ ಹೊತ್ತು ಅದು. ರೈತನ ಮನಸ್ಸೆಲ್ಲ ಹೆಸರಿನ ಬಿತ್ತನೆಯ ಕಡೆಗೆ. ಮನೆಯಲ್ಲಿರುವ ಹೆಂಗಸರ ಚಿಂತೆ ದೀಪಕ್ಕೆ ಮುತ್ತುವ ಮಳೆಹುಳುಗಳದು. ದೀಪದ ಕೆಳಗೆ ಬಿದ್ದು ಒದ್ದಾಡುವ ರೆಕ್ಕೆಯ ಜೀವಿಗಳನ್ನೆಲ್ಲ ಗೆದ್ದಲೆಂದೇ ಬಗೆದು, ಮರುದಿನ ಬೆಳಿಗ್ಗೆ ಕಸಬರಿಗೆಯಿಂದ ಗುಡಿಸಿ ಹೊರಗೆ ಚೆಲ್ಲುವುದು ಎಲ್ಲ ಮನೆಗಳ ವಾಡಿಕೆ. ಆದರೆ ಆ ಕಸದ ರಾಶಿಯಲ್ಲಿ ಒಮ್ಮೊಮ್ಮೆ ಒಬ್ಬ ರಾಣಿಯೂ ಇರುತ್ತಾಳೆಂಬುದನ್ನು ಬಲ್ಲವರು ಎಷ್ಟು ಮಂದಿ?

ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು. ಅದರ ಸೊಂಟ ದಪ್ಪ. ಮೀಸೆ ಮಣಿ ಪೋಣಿಸಿದಂತೆ ನೇರವಾಗಿರುತ್ತದೆ. ಇರುವೆಯದಾದರೋ ಮುಂದಿನ ರೆಕ್ಕೆಗಳು ದೊಡ್ಡವು, ಹಿಂದಿನವು ಚಿಕ್ಕವು. ಸೊಂಟ ದಾರದಂತೆ ಸಣ್ಣದು. ಮೀಸೆ ಮೊಣಕೈಯಂತೆ ಮಡಿಸಿಕೊಂಡಿರುತ್ತದೆ. ಹೀಗೆ ಗುರುತಿಸಿದ ರೆಕ್ಕೆಯ ಇರುವೆಗಳಲ್ಲಿ ತೆಳ್ಳಗಿನ ಚಿಕ್ಕ ಜೀವಿಗಳು ಗಂಡುಗಳು. ಎದೆಭಾಗ ಉಬ್ಬಿ, ಹೊಟ್ಟೆ ತುಂಬಿಕೊಂಡು, ಮಿಕ್ಕವುಗಳಿಗಿಂತ ಬಹಳ ದೊಡ್ಡದಾಗಿ ಕಾಣುವವಳೇ ರಾಣಿ. ರೆಕ್ಕೆ ಉದುರಿಸಿಕೊಂಡು ನೆಲದ ಮೇಲೆ ಅವಸರವಾಗಿ ಓಡಾಡುತ್ತಿದ್ದರೆ ಅವಳ ವಿವಾಹ ಮುಗಿದಿರಬಹುದೆಂದು ತಿಳಿಯಬೇಕು.

ಒಂದು ದಿನದ ಮದುವೆ, ಜನ್ಮದ ಸಂಸಾರ

ಇರುವೆಗೆ ರೆಕ್ಕೆ ಬಂದರೆ ಸಾವು ಬಂದಂತೆಯೇ ಎಂಬ ಮಾತುಂಟು. ಗಂಡಿನ ಪಾಲಿಗೆ ಅದು ಅಕ್ಷರಶಃ ನಿಜ. ಗಾಳಿಯಲ್ಲಿ ಸಮಾಗಮವಾದ ಬಳಿಕ ಅವನ ಆಯುಸ್ಸು ಹೆಚ್ಚು ಕಾಲ ಉಳಿಯದು. ಹಾರಿಹೋದ ರಾಣಿಯರಲ್ಲಿಯೂ ಬಹುಪಾಲು ಹಕ್ಕಿ, ಹಲ್ಲಿ, ಜೇಡಗಳ ಬಾಯಿಗೆ ಬೀಳುತ್ತಾರೆ. ಬದುಕಿದವಳು ತನ್ನ ರೆಕ್ಕೆಗಳನ್ನು ತಾನೇ ಕಳಚಿ ಎಸೆದು, ಹಸಿಮಣ್ಣಿನಲ್ಲಿ ಒಂದು ಸಣ್ಣ ಕೋಣೆಯನ್ನು ತೋಡಿ, ಒಳಗಿನಿಂದ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಅಂದು ಪಡೆದ ಬೀಜವನ್ನು ಒಡಲಿನ ಒಂದು ಚೀಲದಲ್ಲಿ ಕಾಪಿಟ್ಟುಕೊಂಡು ಬದುಕಿನುದ್ದಕ್ಕೂ ಅದನ್ನೇ ಬಳಸುತ್ತಾಳೆ. ಬೀಜ ಸೇರಿದ ಮೊಟ್ಟೆಯಿಂದ ಹೆಣ್ಣು, ಸೇರದ ಮೊಟ್ಟೆಯಿಂದ ಗಂಡು ಹುಟ್ಟುವುದು ಇರುವೆಗಳ ಸಂಸಾರದ ಸೋಜಿಗ.

ಮನೆಯಂಗಳದಲ್ಲಿ ಕಾಣುವ ದೊಡ್ಡ ಕಪ್ಪು ಗೊದ್ದದ ಜಾತಿಯ ರಾಣಿ ಈ ಅಜ್ಞಾತವಾಸದಲ್ಲಿ ಏನನ್ನೂ ತಿನ್ನುವುದಿಲ್ಲ. ಇನ್ನು ಬೇಕಿಲ್ಲದ ರೆಕ್ಕೆಯ ಮಾಂಸಖಂಡಗಳೇ ಕರಗಿ ಅವಳಿಗೂ ಅವಳ ಚೊಚ್ಚಲ ಮಕ್ಕಳಿಗೂ ಆಹಾರವಾಗುತ್ತವೆ. ಕೆಲವು ವಾರಗಳ ಬಳಿಕ ಹೊರಬರುವ ಮೊದಲ ಕೆಲಸಗಾರರು ಗಾತ್ರದಲ್ಲಿ ಕುಳ್ಳರು. ತಾಯಿ ಉಪವಾಸವಿದ್ದು ಸಾಕಿದ ಕೂಸುಗಳು ತಾನೆ! ಅವರು ಬಾಗಿಲು ತೆರೆದು ಹೊರಟು ಮೊದಲ ತುತ್ತನ್ನು ತಂದ ದಿನದಿಂದ ರಾಣಿಗೆ ಮೊಟ್ಟೆಯಿಡುವುದಲ್ಲದೆ ಬೇರೆ ಕೆಲಸವಿಲ್ಲ.

ಈ ಇಡೀ ಕಥೆಯನ್ನು ಮನೆಯ ಮೇಜಿನ ಮೇಲೆ ಕಾಣುವ ಹವ್ಯಾಸವೊಂದು ಜಗತ್ತಿನ ಅನೇಕ ದೇಶಗಳಲ್ಲಿ ಬೆಳೆದಿದೆ. ಅದಕ್ಕೆ ಬೇಕಾದ ಸಲಕರಣೆ ಅತಿ ಸರಳ. ಒಂದು ಗಾಜಿನ ನಳಿಕೆಯ ತಳದಲ್ಲಿ ನೀರು ತುಂಬಿ, ಅದಕ್ಕೆ ತಾಗುವಂತೆ ಹತ್ತಿಯನ್ನು ಬಿಗಿಯಾಗಿ ಒತ್ತಬೇಕು. ಹತ್ತಿ ತೇವವಾಗಿರುತ್ತದೆ, ನೀರು ಚೆಲ್ಲುವುದಿಲ್ಲ. ರಾಣಿಯನ್ನು ಒಳಗೆ ಬಿಟ್ಟು, ಗಾಳಿಯಾಡುವಂತೆ ಬಾಯಿಗೂ ಹತ್ತಿಯಿಟ್ಟು, ಕತ್ತಲೆ ಮಾಡಿ, ಅಲುಗಾಡದ ಜಾಗದಲ್ಲಿ ಇರಿಸಿದರಾಯಿತು. ಕಷ್ಟವೆಲ್ಲ ಮುಂದಿನದು, ಅದೆಂದರೆ ಸುಮ್ಮನಿರುವುದು. ದಿನಕ್ಕೆ ಹತ್ತು ಸಲ ತೆರೆದು ನೋಡುವ ಮನೆಯಲ್ಲಿ ಬೆದರಿದ ರಾಣಿ ತನ್ನ ಮೊಟ್ಟೆಗಳನ್ನು ತಾನೇ ತಿಂದುಬಿಡುವುದುಂಟು. ಕೆಲಸಗಾರರು ಹುಟ್ಟಿದ ಮೇಲೆ ಒಂದು ಹನಿ ಸಕ್ಕರೆನೀರು, ಸತ್ತ ನೊಣದ ಒಂದು ಚೂರು ಸಾಕು.

ಬ್ಯಾಂಕರನ ಇರುವೆಗಳು

ಇದು ಹೊಸ ಹುಚ್ಚೇನಲ್ಲ. ಇಂಗ್ಲೆಂಡಿನ ಜಾನ್ ಲಬಕ್ ಬ್ಯಾಂಕರನಾಗಿದ್ದವನು, ಪಾರ್ಲಿಮೆಂಟಿನ ಸದಸ್ಯನಾಗಿ ೧೮೭೧ರಲ್ಲಿ ಬ್ಯಾಂಕ್ ರಜೆಗಳ ಕಾಯಿದೆಯನ್ನು ತಂದವನು, ಡಾರ್ವಿನ್ನನ ನೆರೆಯವನು. ಬಿಡುವಿನ ವೇಳೆಯಲ್ಲಿ ಆತ ಗಾಜಿನ ಹಲಗೆಗಳ ನಡುವೆ ಮಣ್ಣು ತುಂಬಿ ಇರುವೆಗಳನ್ನು ಸಾಕಿದ. ಒಂದೊಂದು ಇರುವೆಗೂ ಬಣ್ಣದ ಚುಕ್ಕೆಯಿಟ್ಟು ಗುರುತಿಸಿದ. ಅವು ತಪ್ಪಿಸಿಕೊಳ್ಳದಂತೆ ನೀರಿನ ಕಂದಕವನ್ನು ಏರ್ಪಡಿಸಿದ. ಹಳೆಯ ಮನೆಗಳಲ್ಲಿ ತಿಂಡಿಯ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದ ಉಪಾಯವೇ ಅದು, ಕೇವಲ ತಿರುವುಮುರುವು! ಅವನ ಗ್ರಂಥ ೧೮೮೨ರಲ್ಲಿ ಪ್ರಕಟವಾಯಿತು. ೧೮೭೪ರಲ್ಲಿ ಅವನ ಬಳಿ ಬಂದ ರಾಣಿಯೊಬ್ಬಳು ೧೮೮೮ರ ವರೆಗೆ ಬದುಕಿದ್ದಳು. ಮುಂದೆ ಯುರೋಪಿನಲ್ಲಿಯೇ ಸಾಕಿದ ಮತ್ತೊಂದು ಕಪ್ಪಿರುವೆಯ ರಾಣಿ ೨೮ ವರ್ಷಗಳನ್ನೂ ಮೀರಿ ಬಾಳಿದ್ದು ದಾಖಲೆಯಾಗಿದೆ. ನಾಯಿಯ ಆಯುಸ್ಸಿನ ಇಮ್ಮಡಿಯಷ್ಟು ಕಾಲ ಒಂದು ಇರುವೆ!

೧೯೫೬ರಲ್ಲಿ ಅಮೆರಿಕದ ಮಿಲ್ಟನ್ ಲೆವೀನ್ ಎಂಬಾತ ಪಾರದರ್ಶಕ ಪೆಟ್ಟಿಗೆಯ ಇರುವೆಮನೆಯನ್ನು ಮಕ್ಕಳ ಆಟಿಕೆಯಾಗಿ ಮಾರತೊಡಗಿದ. ಅದು ಲಕ್ಷಗಟ್ಟಲೆ ಮನೆಗಳನ್ನು ಸೇರಿತು. ಆದರೆ ಅದರಲ್ಲಿ ಕೆಲಸಗಾರ ಇರುವೆಗಳು ಮಾತ್ರ, ರಾಣಿಯಿಲ್ಲ. ರಾಣಿಯರನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಕಳುಹಿಸುವುದನ್ನು ಅಲ್ಲಿನ ಸರಕಾರ ನಿರ್ಬಂಧಿಸಿದೆ. ರಾಣಿಯಿಲ್ಲದ ಆ ನಾಡಿನ ಪ್ರಜೆಗಳು ಕೆಲವೇ ತಿಂಗಳಲ್ಲಿ ಒಬ್ಬೊಬ್ಬರಾಗಿ ಮಡಿಯುತ್ತಿದ್ದರು. ಆಟಿಕೆಗೂ ನಿಜವಾದ ಸಂಸಾರಕ್ಕೂ ಇರುವ ಅಂತರ ಅದೊಂದೇ: ರಾಣಿ.

ದೂರದ ಬೆಟ್ಟ

ಆದುದರಿಂದಲೇ ಹವ್ಯಾಸಿಗಳ ಕಣ್ಣು ರಾಣಿಯ ಮೇಲೆ. ಕಣ್ಣು ಮೊದಲು ತನ್ನ ಅಂಗಳದ ಮೇಲಿದ್ದು, ಬರಬರುತ್ತ ಪರದೇಶದ ಅಪರೂಪದ ಜಾತಿಗಳ ಕಡೆಗೆ ಹೊರಳಿತು. ಬೇಡಿಕೆ ಇದ್ದಲ್ಲಿ ವ್ಯಾಪಾರ; ವ್ಯಾಪಾರವಿದ್ದಲ್ಲಿ ಕಳ್ಳಸಾಗಣೆ.

೨೦೨೫ರ ಏಪ್ರಿಲಿನಲ್ಲಿ ಆಫ್ರಿಕದ ಕೀನ್ಯಾ ದೇಶದಲ್ಲಿ ನಡೆದ ಸಂಗತಿ ಇದಕ್ಕೆ ನಿದರ್ಶನ. ಬೆಲ್ಜಿಯಮ್ಮಿನಿಂದ ಬಂದಿದ್ದ ಹತ್ತೊಂಬತ್ತು ವರ್ಷದ ಇಬ್ಬರು ಹುಡುಗರ ಬಳಿ ಸುಮಾರು ೫,೦೦೦ ರಾಣಿ ಇರುವೆಗಳು ಸಿಕ್ಕಿದವು. ಎರಡು ಸಾವಿರಕ್ಕೂ ಮಿಕ್ಕ ನಳಿಕೆಗಳಲ್ಲಿ ಹತ್ತಿಯಿಟ್ಟು ಅವುಗಳನ್ನು ತುಂಬಲಾಗಿತ್ತು. ಬಹುಪಾಲು ಇರುವೆಗಳು ಕಾಳು ಕೂಡಿಡುವ ದೊಡ್ಡ ಕೆಂಪು ಜಾತಿಯವು. ಯುರೋಪಿನ ಪೇಟೆಯಲ್ಲಿ ಅದರ ಒಂದೊಂದು ರಾಣಿಗೆ ನೂರು ಪೌಂಡಿಗೂ ಮೀರಿದ ಬೆಲೆ. ಅದೇ ವರ್ಷ ಮೇ ೭ರಂದು ನೈರೋಬಿಯ ನ್ಯಾಯಾಲಯ ಆ ಇಬ್ಬರಿಗೂ, ಇಂಥದೇ ಇನ್ನೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ ಬೇರೆ ಇಬ್ಬರಿಗೂ ತಲಾ ಹತ್ತು ಲಕ್ಷ ಕೀನ್ಯಾ ಶಿಲಿಂಗ್ ದಂಡ, ತಪ್ಪಿದರೆ ಹನ್ನೆರಡು ತಿಂಗಳ ಸೆರೆವಾಸ ವಿಧಿಸಿತು. ಆನೆಯ ದಂತಕ್ಕೆ ಹೆಸರಾದ ಕಳ್ಳವ್ಯಾಪಾರದ ಪಟ್ಟಿಯಲ್ಲಿ ಇರುವೆಯೂ ಸೇರಿತು.

ಐದು ಸಾವಿರ ರಾಣಿಯರೆಂದರೆ ಐದು ಸಾವಿರ ಇರುವೆಗಳಷ್ಟೇ ಅಲ್ಲ. ಅವುಗಳಲ್ಲಿ ಬದುಕಿ ಉಳಿಯಬಹುದಾದ ಒಂದೊಂದು ರಾಣಿಯ ಹಿಂದೆಯೂ ಹುಟ್ಟಬೇಕಾಗಿದ್ದ ಒಂದು ಗೂಡು, ಆ ಗೂಡು ಬಿತ್ತಬೇಕಾಗಿದ್ದ ಹುಲ್ಲಿನ ಬೀಜ, ಸಡಿಲಗೊಳಿಸಬೇಕಾಗಿದ್ದ ನೆಲ ಇವೆ.

ಜೋಗದ ಜಿಗಿಯುವ ಇರುವೆ

ಪರದೇಶದ ರಾಣಿಗಾಗಿ ಹಂಬಲಿಸುವ ಕನ್ನಡಿಗನಿಗೆ ತಿಳಿಯದ ಸಂಗತಿಯೊಂದಿದೆ. ಪರದೇಶದವರು ಹಂಬಲಿಸುವ ಇರುವೆಗಳಲ್ಲೊಂದು ಅವನ ಸಹ್ಯಾದ್ರಿಯ ಸೆರಗಿನಲ್ಲಿಯೇ ಇದೆ. ಮದರಾಸು ಸೈನ್ಯದ ವೈದ್ಯನಾಗಿದ್ದ ಜೆರ್ಡನ್ ೧೮೫೧ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಪ್ರಕಟಿಸಿದಾಗ ಅದಕ್ಕೆ 'ಸಾಲ್ಟೇಟರ್', ಅಂದರೆ ಕುಣಿಯುವವನು, ಎಂದು ಹೆಸರಿಟ್ಟ. ಹಾರ್ಪೆಗ್ನಾಥಸ್ ಎಂಬುದು ಅದರ ಕುಲನಾಮ. ಇಕ್ಕಳದಂಥ ನೀಳವಾದ ದವಡೆ, ಅಗಲವಾದ ಕಣ್ಣು, ಹತ್ತು ಸೆಂಟಿಮೀಟರಿನಷ್ಟು ದೂರ ನೆಗೆಯುವ ಕಾಲು, ಇವು ಅದರ ಲಕ್ಷಣಗಳು. ಹಗಲು ಹೊತ್ತಿನಲ್ಲಿ ಒಂಟಿಯಾಗಿ ಬೇಟೆಯಾಡುವ ಈ ಇರುವೆ ಸಾಲುಗಟ್ಟಿ ನಡೆಯುವುದನ್ನು ಅರಿಯದು.

ಜೋಗದ ಸುತ್ತಮುತ್ತಲಿನ ಕಾಡುಗಳಲ್ಲಿ ವಿಜ್ಞಾನಿಗಳು ಇದರ ಗೂಡುಗಳನ್ನು ಅಗೆದು ಪರಿಶೀಲಿಸಿದರು. ೧೯೯೪ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೀಟರ್ಸ್, ಹೋಲ್‌ಡಾಬ್ಲರ್, ಮೊಫೆಟ್ ಎಂಬ ವಿದೇಶೀ ತಜ್ಞರೊಡನೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿಯವರೂ ಪಾಲ್ಗೊಂಡಿದ್ದರು. ನೆಲದೊಳಗಿನ ಆ ಮನೆಯ ಮೇಲಂತಸ್ತಿಗೆ ಕಮಾನಿನ ಚಾವಣಿ. ಗೋಡೆಗಳಿಗೆ ಹಳೆಯ ಕೋಶಗಳ ರೇಷ್ಮೆಯ ಹೊದಿಕೆ. ಸುತ್ತಲೂ ಟೊಳ್ಳು ಜಾಗ. ಜೋಗದ ಮಳೆಗಾಲದಲ್ಲಿ ನೀರು ನುಗ್ಗಿದರೂ ಕೋಣೆ ತೋಯದಂತೆ ಈ ಏರ್ಪಾಡು.

ಇನ್ನೂ ಹೆಚ್ಚಿನ ಸೋಜಿಗ ಅದರ ರಾಜ್ಯಾಂಗದಲ್ಲಿದೆ. ರಾಣಿ ಸತ್ತೊಡನೆ ಪ್ರಜೆಗಳಲ್ಲಿಯೇ ಮೀಸೆಗಳಿಂದ ಹೊಡೆದಾಡುವ ಸ್ಪರ್ಧೆ ಆರಂಭವಾಗುತ್ತದೆ. ಅದು ವಾರಗಟ್ಟಲೆ ಸಾಗುತ್ತದೆ. ಗೆದ್ದ ಕೆಲವು ಕೆಲಸಗಾರ್ತಿಯರು ರಾಣಿಯ ಸ್ಥಾನಕ್ಕೆ ಬಂದು ಮೊಟ್ಟೆಯಿಡತೊಡಗುತ್ತಾರೆ. ಏಳು ತಿಂಗಳಷ್ಟೇ ಬಾಳಬೇಕಾಗಿದ್ದ ಅವರ ಆಯುಸ್ಸು ವರ್ಷಗಟ್ಟಲೆ ಬೆಳೆಯುತ್ತದೆ. ಆದರೆ ಮಿದುಳು ಕಾಲುಭಾಗದಷ್ಟು ಕುಗ್ಗುತ್ತದೆ. ಪಟ್ಟದಿಂದ ಇಳಿಸಿದರೆ ಆ ಮಿದುಳು ಮತ್ತೆ ಬೆಳೆಯುತ್ತದೆಂಬುದು ೨೦೨೧ರಲ್ಲಿ ಬೆಳಕಿಗೆ ಬಂದಿತು. ಬೆಳೆದು ನಿಂತ ಜೀವಿಯ ಮಿದುಳು ಕುಗ್ಗಿ ಮರಳಿ ಹಿಗ್ಗುವುದು ಕೀಟಲೋಕದಲ್ಲಿ ಅಪೂರ್ವ ಸಂಗತಿ. ೨೦೧೦ರಲ್ಲಿ ಇರುವೆಗಳ ಪೈಕಿ ಮೊತ್ತಮೊದಲು ವಂಶವಾಹಿಗಳ ಪೂರ್ಣ ನಕ್ಷೆ ಸಿದ್ಧವಾದ ಎರಡು ಜಾತಿಗಳಲ್ಲಿ ಇದೂ ಒಂದು. ವೃದ್ಧಾಪ್ಯದ ಗುಟ್ಟನ್ನು ಅರಸುವವರು ಇಂದು ಈ ಇರುವೆಯ ಬಾಗಿಲಲ್ಲಿ ನಿಂತಿದ್ದಾರೆ.

ಬಯಲುಸೀಮೆಯೂ ಬರಿಗೈಯದಲ್ಲ. ದಕ್ಷಿಣ ಭಾರತದಲ್ಲಿ ಕಾಣುವ ಡಯಕಾಮಾ ಎಂಬ ಕರಿಯ ಇರುವೆಯಲ್ಲಿ ರಾಣಿಯೆಂಬ ಜಾತಿಯೇ ಇಲ್ಲ. ಅದರ ಪ್ರತಿಯೊಬ್ಬ ಕೆಲಸಗಾರ್ತಿಯೂ ರೆಕ್ಕೆಯ ಕುರುಹಾದ ಎರಡು ಪುಟ್ಟ ಮೊಗ್ಗುಗಳೊಡನೆ ಹುಟ್ಟುತ್ತಾಳೆ. ಗೂಡಿನ ಒಡತಿ ಹುಟ್ಟಿದವರ ಮೊಗ್ಗುಗಳನ್ನು ಕಚ್ಚಿ ತೆಗೆಯುವ ಏರ್ಪಾಡು ಅಲ್ಲಿದೆ. ಮೊಗ್ಗು ಕಳೆದುಕೊಂಡವಳಿಗೆ ಮದುವೆಯಿಲ್ಲ. ಇಂಥ ಗೂಡಿನಲ್ಲಿ ರಾಣಿಯನ್ನು ಹುಡುಕಿ ಅಗೆಯುವವನು ಒಂದು ಸಂಸಾರವನ್ನು ಹಾಳುಗೆಡವುತ್ತಾನೆ, ರಾಣಿಯನ್ನಂತೂ ಕಾಣುವುದಿಲ್ಲ.

ಬಂದ ಅತಿಥಿ ಒಡೆಯನಾದರೆ

ಪರದೇಶದ ರಾಣಿಯೊಬ್ಬಳು ನಳಿಕೆಯಿಂದ ತಪ್ಪಿಸಿಕೊಂಡರೆ ಏನಾದೀತು? ಒಂದೇ ಒಂದು ಇರುವೆಯಲ್ಲವೇ ಎನ್ನಬಹುದು. ೧೯೩೦ರ ದಶಕದಲ್ಲಿ ದಕ್ಷಿಣ ಅಮೆರಿಕದ ಬೆಂಕಿ ಇರುವೆ ಹಡಗಿನ ಸರಕಿನೊಡನೆ ಅಮೆರಿಕದ ಮೊಬೀಲ್ ಬಂದರಿಗೆ ಬಂದಿಳಿಯಿತು. ೧೯೪೨ರಲ್ಲಿ ತನ್ನ ಮನೆಯ ಪಕ್ಕದಲ್ಲಿ ಅದರ ಗೂಡನ್ನು ಗುರುತಿಸಿದವನು ಇರುವೆಗಳ ಮೋಹಕ್ಕೆ ಬಿದ್ದಿದ್ದ ಹದಿಮೂರು ವರ್ಷದ ಹುಡುಗ. ಆತನೇ ಮುಂದೆ ಜಗದ್ವಿಖ್ಯಾತನಾದ ಎಡ್ವರ್ಡ್ ವಿಲ್ಸನ್. ಹುಡುಗ ವಿಜ್ಞಾನಿಯಾಗುವಷ್ಟರಲ್ಲಿ ಇರುವೆ ಅಮೆರಿಕದ ದಕ್ಷಿಣ ರಾಜ್ಯಗಳನ್ನೇ ಆಕ್ರಮಿಸಿತ್ತು. ೨೦೨೩ರಲ್ಲಿ ಅದು ಇಟಲಿಯ ಸಿಸಿಲಿ ದ್ವೀಪದಲ್ಲಿಯೂ ಬೇರೂರಿದ್ದು ಕಂಡುಬಂದಿತು. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ ಹೊರಗಿನಿಂದ ಬಂದ ಹಳದಿ ಇರುವೆಯೊಂದು ಲಕ್ಷಗಟ್ಟಲೆ ಕೆಂಪು ಏಡಿಗಳನ್ನು ಬಲಿ ತೆಗೆದುಕೊಂಡಿತು. ೨೦೨೨ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ದನಕುರಿಗಳನ್ನು ಕಾಡಿ ಜನರನ್ನು ಕಂಗೆಡಿಸಿದ್ದೂ ಅದೇ ಜಾತಿ.

ಕಾಯಿದೆ ಬಿಗಿಯಾಗಿರುವುದು ಈ ಕಾರಣದಿಂದ. ಜೀವಂತ ಕೀಟಗಳನ್ನು ಭಾರತಕ್ಕೆ ತರಿಸಲು ಸರಕಾರದ ಪರವಾನಿಗೆ ಬೇಕು. ೧೯೧೪ರ ಪೀಡೆಕೀಟಗಳ ಕಾಯಿದೆ ಮತ್ತು ೨೦೦೩ರ ಸಸ್ಯ ಸಂಪರ್ಕನಿಷೇಧ ಆಜ್ಞೆ ಇದನ್ನು ವಿಧಿಸುತ್ತವೆ. ಇಲ್ಲಿಯ ಜೀವಿಗಳನ್ನು ವಿದೇಶೀಯರು ಸಂಗ್ರಹಿಸುವುದಕ್ಕೆ ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಅಗತ್ಯ. ಅಂಚೆಯ ಪೊಟ್ಟಣದಲ್ಲಿ ಗುಟ್ಟಾಗಿ ರಾಣಿಯನ್ನು ತರಿಸುವುದು ಹವ್ಯಾಸವಲ್ಲ, ಅಪರಾಧ.

ಹಾಗಾದರೆ ಆಸಕ್ತ ಮಕ್ಕಳು ಕೈಕಟ್ಟಿ ಕೂಡಬೇಕೆ? ಬೇಕಿಲ್ಲ. ಗೂಡನ್ನು ಅಗೆಯದೆ, ಮಳೆಯ ಮರುದಿನ ಅಂಗಳದಲ್ಲಿ ಅಲೆಯುವ ಸಾಮಾನ್ಯ ಜಾತಿಯ ಒಬ್ಬಳೇ ರಾಣಿಯನ್ನು ಆಯ್ದುಕೊಂಡರೆ ಪ್ರಕೃತಿಗೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಹೇಗೂ ಅವರಲ್ಲಿ ಬಹುಪಾಲು ಸಂಜೆಯೊಳಗೆ ಹಕ್ಕಿಯ ಪಾಲು. ಯಾವ ದಿನ, ಎಷ್ಟು ಹೊತ್ತಿಗೆ, ಎಂಥ ಮಳೆಯ ಬಳಿಕ ಸಿಕ್ಕಳೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದೇ ವಿಜ್ಞಾನದ ಮೊದಲ ಪಾಠ. ಸಾಕಲು ಬೇಸರವಾದ ದಿನ ಹಿಡಿದ ಜಾಗದಲ್ಲಿಯೇ ಬಿಡಬಹುದೆಂಬುದು ಊರಿನ ಇರುವೆಯಲ್ಲಿರುವ ದೊಡ್ಡ ಅನುಕೂಲ. ಪರದೇಶದ ರಾಣಿಗೆ ಇಲ್ಲಿ ಅಂಥ ಜಾಗವೇ ಇಲ್ಲ.

ಸುಳ್ಳದ ಎರೆಹೊಲದಲ್ಲಿ ಮುಂದಿನ ಮುಂಗಾರಿಗೂ ಮೊದಲ ಮಳೆ ಬೀಳುತ್ತದೆ. ಸಂಜೆ ದೀಪದ ಸುತ್ತ ರೆಕ್ಕೆಗಳು ಮುತ್ತುತ್ತವೆ. ಬೆಳಿಗ್ಗೆ ಕಸಬರಿಗೆ ಹಿಡಿಯುವ ಮುನ್ನ ಒಂದು ಗಳಿಗೆ ಬಗ್ಗಿ ನೋಡಿದರೆ, ರೆಕ್ಕೆ ಕಳಚಿದ ಒಬ್ಬ ತಾಯಿ ತನ್ನ ಮನೆಗೆ ಜಾಗ ಹುಡುಕುತ್ತ ಹೊಸ್ತಿಲು ದಾಟುತ್ತಿರಬಹುದು.