ಚಳಿಗಾಲದ ಗೆಂಡೆ ಮೀನು: ಸಸಾರಜನಕದ ಲೆಕ್ಕಾಚಾರ

ಮೀನು ಸಾಕಣೆಯ ವೆಚ್ಚಪಟ್ಟಿಯಲ್ಲಿ ಅತಿ ದೊಡ್ಡ ಬಾಬು ಆಹಾರದ್ದು. ಆಹಾರದ ಘಟಕಗಳಲ್ಲಿ ದುಬಾರಿಯಾದುದು ಸಸಾರಜನಕ, ಅಂದರೆ ಪ್ರೋಟೀನ್. ಡಿಸೆಂಬರ್-ಜನವರಿ ತಿಂಗಳುಗಳಲ್ಲಿ ಆಹಾರ ಖರ್ಚಾಗುತ್ತದೆ, ಮೀನಿನ ತೂಕ ಅದಕ್ಕೆ ತಕ್ಕಂತೆ ಏರುವುದಿಲ್ಲ. ಇದರ ಪರಿಣಾಮ ಸಾಕಣೆದಾರರಿಗಷ್ಟೇ ಸೀಮಿತವಲ್ಲ. ಉದ್ರಿಯಾಗಿ ಮಾಲು ಕೊಟ್ಟ ಹಿಂಡಿ ವರ್ತಕರು ಹಾಗೂ ಆಹಾರ ತಯಾರಕರ ಬಾಕಿಯೂ ಉಳಿಯುತ್ತದೆ.

ನನ್ನ ಕಕ್ಷಿದಾರರಾದ ಸಾಕಣೆದಾರರೊಬ್ಬರು ಚಳಿಗೆ ಮೀನು ಬೆಳೆಯುತ್ತಿಲ್ಲವೆಂದು ಹೆಚ್ಚು ಸಸಾರಜನಕದ ದುಬಾರಿ ಆಹಾರಕ್ಕೆ ಬದಲಾದರು. ಫೆಬ್ರವರಿಯಲ್ಲಿ ಪುಸ್ತಕ ತೆರೆದು ನೋಡಿದಾಗ ಬಿಲ್ಲಿನ ಮೊತ್ತ ಏರಿತ್ತು, ಮೀನಿನ ತೂಕ ಏರಿರಲಿಲ್ಲ. ಲೋಪ ಆಹಾರದ ಗುಣಮಟ್ಟದ್ದಲ್ಲ, ತಿಳುವಳಿಕೆಯದು.

ಚಳಿಯಲ್ಲಿ ಆಗುವುದೇನು?

ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದಂತೆ ಅದರ ದೇಹವೂ ತಣ್ಣಗಾಗುತ್ತದೆ. ಕಾಟ್ಲಾ, ರೋಹು ಮತ್ತು ಮೃಗಾಲ್ ಮೀನುಗಳು ಸುಮಾರು 25ರಿಂದ 32 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. 20 ಡಿಗ್ರಿಗಿಂತ ಇಳಿದರೆ ಅವುಗಳ ಹಸಿವು ಮತ್ತು ಜೀರ್ಣಶಕ್ತಿ ಕುಗ್ಗುತ್ತವೆ. ಸಾಮಾನ್ಯ ಗೆಂಡೆಯು ಚಳಿಯನ್ನು ಹೆಚ್ಚು ತಾಳಬಲ್ಲದಾದರೂ 10 ಡಿಗ್ರಿಯ ಆಸುಪಾಸಿನಲ್ಲಿ ಅದೂ ಬಹುಮಟ್ಟಿಗೆ ಆಹಾರ ಬಿಡುತ್ತದೆ. ಪಂಜಾಬ್, ಹರಿಯಾಣಗಳ ಕೊಳಗಳಲ್ಲಿ ಚಳಿಗಾಲದ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಕರ್ನಾಟಕದಲ್ಲಿ ಚಳಿ ಸೌಮ್ಯವಾದುದರಿಂದ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಬೆಳೆಯುವ ಹಂತದ ಗೆಂಡೆಗಳಿಗೆ ಆಹಾರದಲ್ಲಿ ಶೇ. 25ರಿಂದ 30ರಷ್ಟು ಸಸಾರಜನಕವಿದ್ದರೆ ಸಾಕು. ಮರಿಗಳಿಗೆ ಇನ್ನೂ ಹೆಚ್ಚು ಬೇಕು. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು ಶೇ. 40, ಅಕ್ಕಿ ತವಡಿನಲ್ಲಿ ಸುಮಾರು ಶೇ. 12ರಷ್ಟು ಸಸಾರಜನಕವಿರುವುದರಿಂದ, ರೂಢಿಯಲ್ಲಿರುವ ಸಮಭಾಗದ ಮಿಶ್ರಣವು ಶೇ. 26ರ ಮಟ್ಟ ತಲುಪುತ್ತದೆ. ದೇಹ ಕಟ್ಟಲು ಬಳಕೆಯಾಗದ ಸಸಾರಜನಕವನ್ನು ಮೀನು ಶಕ್ತಿಗಾಗಿ ವ್ಯಯಿಸುತ್ತದೆ. ಅದರಲ್ಲಿನ ಸಾರಜನಕವು ಅಮೋನಿಯವಾಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ತಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ಹೀರುತ್ತದೆ. ಹೀಗೆ ಹಣ ಕೊಟ್ಟು ಕೊಂಡ ವಸ್ತುವೇ ಕೊಳಕ್ಕೆ ಹೊರೆಯಾಗುತ್ತದೆ.

ಒಂದು ಅಂದಾಜು ಲೆಕ್ಕ

ಕೊಳದಲ್ಲಿ 1,000 ಕಿಲೋ ಮೀನಿದೆ ಎಂದು ಭಾವಿಸೋಣ. ಬೆಚ್ಚಗಿನ ದಿನಗಳಲ್ಲಿ ಮೀನಿನ ತೂಕದ ಶೇ. 3ರಂತೆ ದಿನಕ್ಕೆ 30 ಕಿಲೋ ಆಹಾರ ಹಾಕಲಾಗುತ್ತಿತ್ತು. ಚಳಿಯಲ್ಲಿ ಮೀನು 10 ಕಿಲೋ ಮಾತ್ರ ತಿನ್ನುತ್ತಿದ್ದು, ಸಾಕಣೆದಾರರು ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ದಿನಕ್ಕೆ 20 ಕಿಲೋ ವ್ಯರ್ಥ. ಕಿಲೋಗೆ 40 ರೂ. ಎಂದು ಹಿಡಿದರೂ 60 ದಿನಗಳಲ್ಲಿ 48,000 ರೂ. ನಷ್ಟ. ಸಸಾರಜನಕದ ಸುಮಾರು ಶೇ. 16 ಭಾಗ ಸಾರಜನಕ, ಆದ್ದರಿಂದ ಶೇ. 26ರ ಆಹಾರವಾದರೆ ದಿನಕ್ಕೆ ಸುಮಾರು 830 ಗ್ರಾಂ ಸಾರಜನಕ ವ್ಯರ್ಥ ಆಹಾರದೊಡನೆ ಕೊಳದ ಪಾಲಾಗುತ್ತದೆ. ಅದೇ ಶೇ. 32ರ ದುಬಾರಿ ಆಹಾರಕ್ಕೆ ಬದಲಾದರೆ ಇದು ಒಂದು ಕಿಲೋ ಮೀರುತ್ತದೆ.

ವ್ಯವಹಾರಸ್ಥರು ಗಮನಿಸಬೇಕಾದ ಅಂಶಗಳು

1. ಮೊದಲು ಕಡಿತಗೊಳಿಸಬೇಕಾದುದು ಆಹಾರದ ಪ್ರಮಾಣವನ್ನು. ನೀರಿನ ಉಷ್ಣತೆ ನೋಡಿ, ಬಿಸಿಲೇರಿದ ಬಳಿಕ ಆಹಾರ ಕೊಟ್ಟು, ಎರಡು ಗಂಟೆಯ ನಂತರ ತಟ್ಟೆಯಲ್ಲಿ ಉಳಿದುದನ್ನು ಪರಿಶೀಲಿಸಿ ಮರುದಿನದ ಪ್ರಮಾಣ ನಿರ್ಧರಿಸುವುದು ಕ್ಷೇಮ.

2. ಉಳಿತಾಯದ ಹೆಸರಿನಲ್ಲಿ ಬರೀ ತವಡಿಗೆ ಇಳಿಯುವುದೂ ಸರಿಯಲ್ಲ. ಮೀನು ಕಡಿಮೆ ತಿನ್ನುವಾಗ ತಿಂದಷ್ಟಾದರೂ ಸಮತೋಲನದಿಂದಿರಬೇಕು.

3. ನೀರು ಬೆಚ್ಚಗಿರುವ ಅಕ್ಟೋಬರ್-ನವೆಂಬರ್‌ನಲ್ಲೇ ಉತ್ತಮ ಆಹಾರಕ್ಕೆ ಹಣ ಹೂಡಬೇಕು. ಆಗ ಹಾಕಿದ ಸಸಾರಜನಕ ಮಾಂಸವಾಗುತ್ತದೆ.

4. ತಯಾರಕರು ಚಳಿಗಾಲದ ದಾಸ್ತಾನನ್ನು ಮಿತಗೊಳಿಸಬೇಕು. ತೇವ ತಗುಲಿದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ವಿಷ ಉಂಟಾಗುವ ಅಪಾಯವಿದೆ.

5. ಉದ್ರಿಯ ಅವಧಿಯನ್ನು ಕ್ಯಾಲೆಂಡರಿಗಲ್ಲದೆ ಮೀನು ಹಿಡಿಯುವ ಕಾಲಕ್ಕೆ ಹೊಂದಿಸಬೇಕು. ಚಳಿಯಿಂದ ಬೆಳವಣಿಗೆ ತಡವಾದರೆ ವಸೂಲಿಯೂ ತಡವಾಗುವುದು ಸಹಜ.

ಹೆಚ್ಚು ಸಸಾರಜನಕವು ಚಳಿಗೆ ಮದ್ದೆಂದು ಹೇಳಿ ಮಾಲು ಮಾರುವ ವರ್ತಕರಿಗೆ ಒಂದು ಋತುವಿನ ಲಾಭ ದೊರೆಯಬಹುದು, ಮುಂದಿನ ಋತುವಿಗೆ ಗ್ರಾಹಕರು ಉಳಿಯಲಾರರು. ಆಹಾರದ ಚೀಲದೊಂದಿಗೆ ಒಂದು ಉಷ್ಣಮಾಪಕವನ್ನೂ ಕೊಟ್ಟು, ಅದನ್ನು ನೋಡುವ ಬಗೆಯನ್ನು ತಿಳಿಸಿಕೊಡುವ ವರ್ತಕರ ಬಾಕಿ ಸಕಾಲದಲ್ಲಿ ವಸೂಲಾಗುವ ಸಾಧ್ಯತೆ ಹೆಚ್ಚು.